ಟಿಪ್ಪುವಿನ ಹುಲಿ ನೋಡೋಕೆ ವಿಂಡ್ಸರ್‌ಗೆ ಒಂದು ದಿನ

ಲಂಡನ್ನಿಗೆ ಓದಲು ಹೋದವರು ಬಿಗ್ ಬೆನ್ ಮುಂದೆ ಫೋಟೊ ತೆಗೆಸಿಕೊಂಡು ಸುಮ್ಮನಾಗಿಬಿಡುತ್ತಾರೆ. ಒಂದು ದಿನ ಬಿಡುವು ಮಾಡಿಕೊಂಡು ವಿಂಡ್ಸರ್‌ಗೆ ಹೋಗಿ. ಅಲ್ಲಿ ರಾಜಮನೆತನದ ಕೋಟೆ ಇದೆ, ಥೇಮ್ಸ್ ದಾಟಿದರೆ ಈಟನ್ ಶಾಲೆ ಇದೆ, ಎರಡರಲ್ಲೂ ನಮ್ಮ ಶ್ರೀರಂಗಪಟ್ಟಣದ ಒಂದೊಂದು ತುಂಡು ಕಥೆ ಇದೆ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ಎಲ್ಲರೂ ಎಡವುವುದು ಇಲ್ಲೇ. ಸಾಮಾನ್ಯವಾಗಿ ಮಂಗಳವಾರ, ಬುಧವಾರ ಕೋಟೆಗೆ ರಜೆ. ಭಾನುವಾರ ಕೋಟೆ ತೆರೆದಿರುತ್ತದೆ, ಆದರೆ ಒಳಗಿನ ಸೇಂಟ್ ಜಾರ್ಜ್ ಚಾಪೆಲ್‌ಗೆ ಪ್ರಾರ್ಥನೆಗೆ ಬಂದವರನ್ನು ಮಾತ್ರ ಬಿಡುತ್ತಾರೆ. ಇದನ್ನು ನೋಡದೆ ನಾನು ಭಾನುವಾರವೇ ಹೋಗಿ ಬಾಗಿಲು ನೋಡಿಕೊಂಡು ವಾಪಸ್ ಬಂದೆ. ಈಟನ್ ಇವತ್ತಿಗೂ ನಡೆಯುತ್ತಿರುವ ಶಾಲೆ, ಸುಮ್ನೆ ಒಳಗೆ ನುಗ್ಗುವ ಹಾಗಿಲ್ಲ, ಕೆಲವೇ ದಿನ ಗೈಡ್ ಜೊತೆ ಬಿಡುತ್ತಾರೆ. ಹಾಗಾಗಿ ಅದನ್ನು ಮೊದಲು ಬುಕ್ ಮಾಡಿ, ಆಮೇಲೆ ಕೋಟೆಯ ಟಿಕೆಟ್.

ಟಿಕೆಟ್ ಕೋಟೆಯವರಿಂದಲೇ ನೇರವಾಗಿ ತೆಗೆದುಕೊಳ್ಳಿ. 18ರಿಂದ 24 ವಯಸ್ಸಿನವರಿಗೆ ದರ ಕಡಿಮೆ. ಹೊರಡುವಾಗ ಅದನ್ನೇ ಒಂದು ವರ್ಷದ ಪಾಸ್ ಮಾಡಿಸಿಕೊಳ್ಳಬಹುದು, ಮರೀಬೇಡಿ. ನಾನು ಎರಡನೇ ಸಲ ದುಡ್ಡು ಕೊಡದೆ ಚಾಪೆಲ್ ನೋಡಿದ್ದು ಹಾಗೇ.

ವಾಟರ್‌ಲೂನಿಂದ ನೇರ ರೈಲಿದೆ, ಸುಮಾರು ಒಂದು ಗಂಟೆ. ಪ್ಯಾಡಿಂಗ್ಟನ್‌ನಿಂದಾದರೆ ಸ್ಲೌನಲ್ಲಿ ಇಳಿದು ಪುಟ್ಟ ರೈಲು ಹಿಡಿಯಬೇಕು, ಅದು ಕೋಟೆಯ ಎದುರಿಗೇ ಬಿಡುತ್ತದೆ. ರೈಲ್‌ಕಾರ್ಡ್ ಇದ್ದರೆ ಮೂರನೇ ಒಂದು ಭಾಗ ಉಳಿತಾಯ. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಳ್ಳಿ, ಆದರೆ ಕೋಟೆಯೊಳಗೆ ಬಿಚ್ಚಬೇಡಿ.

ವಿಮಾನ ನಿಲ್ದಾಣದ ಹಾಗೇ ಬ್ಯಾಗ್ ತಪಾಸಣೆ ಮುಗಿಸಿ ಒಳಗೆ ಹೋದರೆ ಚಾಪೆಲ್ ಮೊದಲು ನೋಡಿ. ಎಂಟನೇ ಹೆನ್ರಿಯೂ ಎರಡನೇ ಎಲಿಜಬೆತ್ತೂ ಅಲ್ಲೇ ಮಲಗಿದ್ದಾರೆ. ಆಮೇಲೆ ಅರಮನೆಯ ಕೋಣೆಗಳು. 1992ರ ಬೆಂಕಿಯಲ್ಲಿ ಸುಟ್ಟು, 1997ರಲ್ಲಿ ಮತ್ತೆ ಎದ್ದು ನಿಂತ ದೊಡ್ಡ ಹಾಲ್ ಚೆನ್ನಾಗಿದೆ ನಿಜ, ಆದರೆ ನನ್ನ ಮಾತು ಕೇಳಿ, ಅದಕ್ಕಿಂತ ಜಾಸ್ತಿ ಹೊತ್ತು ಗ್ರ್ಯಾಂಡ್ ವೆಸ್ಟಿಬ್ಯೂಲ್‌ನಲ್ಲಿ ನಿಲ್ಲಿ. ಅಲ್ಲಿದೆ ಟಿಪ್ಪುವಿನ ಸಿಂಹಾಸನದ ಹುಲಿ ತಲೆ. ಒಳಗೆ ಮರ, ಮೇಲೆ ಚಿನ್ನದ ತಗಡು, ಕಣ್ಣು ಹಲ್ಲು ಸ್ಫಟಿಕದ್ದು. ಬಾಯಿ ತೆರೆದು ನಮ್ಮನ್ನೇ ನೋಡುತ್ತಿರುತ್ತದೆ. ಪಕ್ಕದಲ್ಲಿ ಜನ ಒಂದು ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ, ನಮಗೆ ಮಾತ್ರ ಕಾಲು ಕೀಳೋಕೆ ಆಗಲ್ಲ, ಅಲ್ವಾ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಂಹಾಸನವನ್ನೇ ಒಡೆದು ಹಂಚಿಕೊಂಡರು. ಇದು ಅದರ ಒಂದು ಪಾಲು.

ಕೆಳಗಿಳಿದು ಕಾರು, ಬಸ್ಸು ಓಡಾಡದ ಸೇತುವೆ ಹತ್ತಿರ ಬನ್ನಿ. ಚಿತ್ರಾನ್ನ ಬಿಚ್ಚುವುದು ಇಲ್ಲಿ. ಹಂಸಗಳು ಬುತ್ತಿಗೇ ಬಾಯಿ ಹಾಕುತ್ತವೆ, ಜೋಪಾನ.

ಸೇತುವೆ ದಾಟಿ ಹೈ ಸ್ಟ್ರೀಟ್‌ನಲ್ಲಿ ನೇರ ನಡೆದರೆ ಈಟನ್. 1440ರಲ್ಲಿ ಆರನೇ ಹೆನ್ರಿ 70 ಬಡ ಹುಡುಗರಿಗೆ ಬಿಟ್ಟಿ ಓದು ಸಿಗಲಿ ಅಂತ ಕಟ್ಟಿದ ಶಾಲೆ. ಇವತ್ತಿನ ಫೀಸು ಕೇಳಿದರೆ ನಗು ಬರುತ್ತದೆ. ಕಪ್ಪು ಬಾಲದ ಕೋಟು ತೊಟ್ಟ ಹುಡುಗರು ರಸ್ತೆಯಲ್ಲೇ ಸಿಗುತ್ತಾರೆ, ಕೇಳದೆ ಫೋಟೊ ತೆಗೆಯಬೇಡಿ.

ಗೈಡ್ ಶಾಲೆಯ ಚಾಪೆಲ್‌ಗೆ ಕರೆದೊಯ್ದರೆ ರಿಚರ್ಡ್ ವೆಲ್ಲೆಸ್ಲಿ ಬಗ್ಗೆ ಕೇಳಿ. ಶ್ರೀರಂಗಪಟ್ಟಣದ ಮೇಲೆ ದಂಡು ಕಳಿಸಿದ ಗವರ್ನರ್ ಜನರಲ್ ಆತನೇ. ಓದಿದ್ದು ಇಲ್ಲಿ, ಮಣ್ಣಾಗಿದ್ದೂ ಇಲ್ಲೇ. ಹುಲಿ ಇರುವ ಕೋಟೆ ಅಲ್ಲಿಂದ ನಡೆದರೆ ಕಾಲು ಗಂಟೆ ದಾರಿ.