ಮೈತ್ರಿ ಮಾತುಕತೆಯಲ್ಲಿ ನಾಯಕರನ್ನು ಅಳೆಯುವುದು: ನನ್ನ ಅನುಭವ

ಯಾವ ನಾಯಕ ಏನನ್ನು ಬಿಟ್ಟುಕೊಟ್ಟ, ಯಾವ ದಿನ ಬಿಟ್ಟುಕೊಟ್ಟ. ನಾನು ಬರೆದುಕೊಳ್ಳುವುದು ಇಷ್ಟನ್ನೇ. ಮೈಕ್ ಮುಂದೆ ಆಡಿದ ಮಾತು ನನ್ನ ಪುಸ್ತಕಕ್ಕೆ ಬರುವುದಿಲ್ಲ. ಇದನ್ನು ಹೇಳಿದಾಗ ಜೊತೆಯವರು ಯಾರೂ ನಂಬಲಿಲ್ಲ. 'ರಾಜಕೀಯ ಅಂದ್ರೆ ಕಿರಾಣಿ ಲೆಕ್ಕ ಅಲ್ಲ' ಎಂದರು. 2018ರ ನಂತರ ಅವರೇ ಫೋನ್ ಮಾಡಿ ಆ ಪುಸ್ತಕ ಕೇಳಿದರು.

ಅದಕ್ಕೂ ಮೊದಲು ಜಾಸ್ತಿ ದುಡ್ಡು ಹೋದದ್ದು ಟಿವಿಗೆ. ನಾಯಕರ ಮುಖ, ನಗು, ಕೈಕುಲುಕುವ ರೀತಿ ನೋಡಿ ಅಂಕ ಕೊಡಬಹುದು ಅಂತ ಎಲ್ಲರೂ ಹೇಳುತ್ತಿದ್ದರು. ರೆಕಾರ್ಡ್ ಮಾಡುವ ಬಾಕ್ಸು, ಹಾರ್ಡ್ ಡಿಸ್ಕು ಸೇರಿ ಹದಿನೈದು ಸಾವಿರದ ಹತ್ತಿರ ಆಯಿತು. ಏನೂ ಸಿಗಲಿಲ್ಲ. ಆಮೇಲೆ ಪತ್ರಿಕಾ ಹೇಳಿಕೆಗಳನ್ನು ಟೈಪ್ ಮಾಡಲು ಒಬ್ಬ ಹುಡುಗನನ್ನು ಇಟ್ಟುಕೊಂಡೆ. ಅವನಿಗೆ ಇಪ್ಪತ್ತು ಸಾವಿರವಾದರೂ ಕೊಟ್ಟಿರಬೇಕು. ಎಲ್ಲರ ಬಾಯಲ್ಲೂ ಒಂದೇ ಮಾತು: ಹೈಕಮಾಂಡ್ ತೀರ್ಮಾನಕ್ಕೆ ಬದ್ಧ. ಇದರಲ್ಲಿ ಯಾರನ್ನು ಯಾರಿಂದ ಬೇರೆ ಮಾಡುವುದು?

ಹಾಗಾಗಿ ನಾಲ್ಕು ಕಾಲಂ ಹಾಕಿದೆ. ಕೇಳಿದ್ದು, ಬಿಟ್ಟದ್ದು, ತಾರೀಖು, ಸ್ವಂತ ಶಾಸಕರನ್ನು ಒಪ್ಪಿಸಿದರೋ ಇಲ್ಲವೋ. ಕೊನೆಯ ಕಾಲಂಗೇ ತೂಕ ಜಾಸ್ತಿ.

2018ರ ಕರ್ನಾಟಕ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿ ಬಹುಮತ ಸಿಗದೆ 104ಕ್ಕೆ ನಿಂತಾಗ, ಕಾಂಗ್ರೆಸ್ ಫಲಿತಾಂಶದ ದಿನವೇ, ಮೇ 15ರಂದೇ, ಮುಖ್ಯಮಂತ್ರಿ ಸ್ಥಾನವನ್ನು 37 ಸ್ಥಾನದ ಜೆಡಿಎಸ್‌ಗೆ ಬಿಟ್ಟಿತು. ದೊಡ್ಡದನ್ನು ಮೊದಲ ದಿನವೇ ಕೊಟ್ಟವರ ಕೈಯಲ್ಲಿ ಆಮೇಲೆ ಹಿಡಿದು ಕೂರಲು ಏನು ಉಳಿಯುತ್ತದೆ? ಮೇ 23ಕ್ಕೆ ಪ್ರಮಾಣವಚನ ಆಯಿತು, ಖಾತೆ ಹಂಚಿಕೆ ಮಾತ್ರ ಎಳೆಯುತ್ತಲೇ ಇತ್ತು. ಹಣಕಾಸು ಜೆಡಿಎಸ್‌ಗೆ, ಗೃಹ ಕಾಂಗ್ರೆಸ್‌ಗೆ ಅಂತ ಆ ವಾರವೇ ಬರೆದಿಟ್ಟೆ. ಜೂನ್ 1ರಂದು ಹಾಗೇ ಆಯಿತು. ಗೆಳೆಯರಿಗೆ ಪುಟ ತೆಗೆದು ತೋರಿಸಿದೆ, ಅದರ ಖುಷಿ ಇನ್ನೂ ಇದೆ.

ವಿಧಾನಸೌಧದ ಮುಂದೆ ದೇಶದ ವಿರೋಧ ಪಕ್ಷಗಳ ನಾಯಕರು ಕೈ ಹಿಡಿದು ಎತ್ತಿದ ಫೋಟೋ ನೋಡಿ ಅಂಕ ಕೊಟ್ಟವರು ಐದು ವರ್ಷ ಗ್ಯಾರಂಟಿ ಎಂದರು. ನನ್ನ ನಾಲ್ಕನೇ ಕಾಲಂ ಎರಡೂ ಪಕ್ಷಕ್ಕೆ ಹೆಚ್ಚುಕಡಿಮೆ ಖಾಲಿ ಇತ್ತು. ಒಪ್ಪಂದ ಮಾಡಿಕೊಂಡವರು ಬೆರಳೆಣಿಕೆ ಜನ, ಮಂತ್ರಿಗಿರಿ ಸಿಗದೆ ಮುನಿಸಿಕೊಂಡವರು ಎಷ್ಟೋ. 2019ರ ಜುಲೈ 23ಕ್ಕೆ ವಿಶ್ವಾಸಮತದಲ್ಲಿ 99–105ರಲ್ಲಿ ಸರ್ಕಾರ ಬಿತ್ತು.

ಜೆಡಿಎಸ್ ಮತ್ತು ಬಿಜೆಪಿ ಇಪ್ಪತ್ತು-ಇಪ್ಪತ್ತು ತಿಂಗಳು ಮುಖ್ಯಮಂತ್ರಿ ಸ್ಥಾನ ಹಂಚಿಕೊಳ್ಳುವ ಹಿಂದಿನ ಒಪ್ಪಂದವನ್ನೂ ಇದೇ ಪುಸ್ತಕಕ್ಕೆ ಏರಿಸಿದೆ. 2006ರ ಫೆಬ್ರವರಿಯಲ್ಲಿ ಶುರು, 2007ರ ಅಕ್ಟೋಬರ್‌ಗೆ ಜೆಡಿಎಸ್‌ನ ಕುಮಾರಸ್ವಾಮಿ ಕುರ್ಚಿ ಬಿಡಬೇಕಿತ್ತು. ಬಿಡಲಿಲ್ಲ. ನವೆಂಬರ್ 12ಕ್ಕೆ ಬಿಜೆಪಿಯ ಯಡಿಯೂರಪ್ಪ ಪ್ರಮಾಣ ಮಾಡಿದರು. ಜೆಡಿಎಸ್‌ನಿಂದ ಹೊಸ ಷರತ್ತುಗಳು ಬಂದವು, ಒಂದೇ ವಾರಕ್ಕೆ ಅವರ ರಾಜೀನಾಮೆ. ಮುಗಿದ ಮಾತಿಗೆ ಮತ್ತೆ ಷರತ್ತು ಸೇರಿಸುವ ನಾಯಕನಿಗೆ ನಾನು ಅಂಕ ಕೊಡುವುದಿಲ್ಲ, ಯಾವ ಪಕ್ಷದವರೇ ಆಗಲಿ.

ಸುಮ್ನೆ ಇರಲಾರದೆ ಜರ್ಮನಿಗೂ ಹೋದೆ, ಅಂದರೆ ಪತ್ರಿಕೆಯ ಚಂದಾ ಕಟ್ಟಿ ಓದಿದೆ. 2017ರ ಚುನಾವಣೆ ರಾತ್ರಿಯೇ ಎಸ್‌ಪಿಡಿ ಅನ್ನುವ ಪಕ್ಷದ ನಾಯಕ ಮಾರ್ಟಿನ್ ಶುಲ್ಜ್ ವಿರೋಧ ಪಕ್ಷದಲ್ಲೇ ಕೂರುತ್ತೇವೆ ಎಂದಿದ್ದರು. ನವೆಂಬರ್‌ನಲ್ಲಿ ಎಫ್‌ಡಿಪಿ ಅನ್ನುವ ಇನ್ನೊಂದು ಪಕ್ಷ ಎದ್ದು ಹೋಗಿ, ಆಗಿನ ಚಾನ್ಸಲರ್ ಮೆರ್ಕೆಲ್ ನಡೆಸುತ್ತಿದ್ದ ಮೈತ್ರಿ ಮಾತುಕತೆ ಮುರಿದ ಮೇಲೆ ಅದೇ ಶುಲ್ಜ್ ಮೆರ್ಕೆಲ್ ಜೊತೆ ಕೂತರು. ಮಾತಿನ ಲೆಕ್ಕದಲ್ಲಿ ಸೊನ್ನೆ. ಆದರೆ ಸುಮಾರು 20 ಶೇಕಡಾ ಮತ ಪಡೆದ ಎಸ್‌ಪಿಡಿ ಹಣಕಾಸು, ವಿದೇಶಾಂಗ, ಕಾರ್ಮಿಕ ಮೂರೂ ಖಾತೆ ತಗೊಂಡಿತು. ಒಪ್ಪಂದವನ್ನು ಪಕ್ಷದ ಸದಸ್ಯರ ಮತಕ್ಕೂ ಹಾಕಿದರು, 66 ಶೇಕಡಾ ಮಂದಿ ಒಪ್ಪಿದರು. ನಾಲ್ಕನೇ ಕಾಲಂ ಅಷ್ಟು ಚೆನ್ನಾಗಿ ತುಂಬಿದ್ದನ್ನು ನಾನು ಇಲ್ಲಿ ನೋಡಿಯೇ ಇಲ್ಲ.

ದಿನದ ಸುದ್ದಿಯಿಂದ 'ಬಿಟ್ಟದ್ದು' ಕಾಲಂ ತುಂಬುವುದೇ ಕಷ್ಟದ ಕೆಲಸ. ಬಿಟ್ಟೆ ಅಂತ ಯಾರೂ ಹೇಳುವುದಿಲ್ಲ ಅಲ್ವಾ? ನಿನ್ನೆವರೆಗೂ ಕೇಳುತ್ತಿದ್ದ ಖಾತೆಯ ಹೆಸರು ಇವತ್ತು ಬಾಯಿಗೆ ಬರದಿದ್ದರೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಮೂರು ದಿನ ಬರದಿದ್ದರೆ ಪೆನ್ನಿನಲ್ಲಿ ಬರೆಯಿರಿ. ಎರಡೂ ಕಡೆ ಓಡಾಡುವ ನಿಜವಾದ ಮಧ್ಯವರ್ತಿ ಯಾರು ಅಂತ ಹಿಡಿಯಲು ಇನ್ನೊಂದು ದಾರಿ ಇದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಈಗ 2004ರ ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಧರಂಸಿಂಗ್ ಸರ್ಕಾರದ ಮಾತುಕತೆಗೆ ಕಾಲಂ ಹಾಕುತ್ತಿದ್ದೇನೆ. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಪ್ರಮಾಣವಚನಕ್ಕೆ ಮೇ 28ರವರೆಗೆ ಹಿಡಿಯಿತು. ಆ ಎರಡು ವಾರದ ಹಳೇ ಪತ್ರಿಕೆಗಳ ಕಟ್ಟಿಗೆ ಒಬ್ಬರು ನಾಲ್ಕು ಸಾವಿರ ಹೇಳಿದ್ದಾರೆ. ಎರಡೂವರೆಗೆ ಕೇಳುತ್ತಿದ್ದೇನೆ.