ಸ್ಲ್ಯಾಬ್ ಹಾಕುವ ಮೊದಲೇ ಮಾಡೆಲ್‌ನಲ್ಲಿ ಕ್ಲ್ಯಾಶ್ ಹುಡುಕಿ
ಡ್ರಾಯಿಂಗ್ ಎಲ್ಲ ಮುಗಿದ ಮೇಲೆ ತ್ರೀಡಿ ಮಾಡೆಲ್ ಮಾಡಿಸಿದರೆ ಅರ್ಧ ಉಪಯೋಗ ಹೋದ ಹಾಗೆ. ಪಿಲ್ಲರ್, ಬೀಮ್ ಜಾಗ ಗೊತ್ತಾದ ತಕ್ಷಣ ಪ್ಲಂಬಿಂಗ್, ಎಸಿ ಡಕ್ಟ್, ಕೇಬಲ್ ಟ್ರೇ ಎಲ್ಲವನ್ನೂ ಒಂದೇ ಮಾಡೆಲ್‌ನಲ್ಲಿ ಕೂಡಿಸಿ ಕ್ಲ್ಯಾಶ್ ಟೆಸ್ಟ್ ಮಾಡಿ, ಅಂದರೆ ಯಾವುದು ಯಾವುದಕ್ಕೆ ಎಲ್ಲಿ ಅಡ್ಡ ಬರುತ್ತದೆ ಅಂತ ನೋಡಿ. ನ್ಯಾವಿಸ್‌ವರ್ಕ್ಸ್ ಥರದ ಸಾಫ್ಟ್‌ವೇರ್ ಇದಕ್ಕೇ ಇರೋದು. ಮೊದಲು ಡ್ರೈನೇಜ್ ಪೈಪ್ ನೋಡಿ. ಅದಕ್ಕೆ ಇಳಿಜಾರು ಬೇಕೇ ಬೇಕು. 100ಕ್ಕೆ 1 ಅಂತ ಇಟ್ಟರೂ 6 ಮೀಟರ್ ಹೋಗುವಷ್ಟರಲ್ಲಿ ಪೈಪ್ 60 ಮಿಲಿಮೀಟರ್ ಕೆಳಗೆ ಇಳಿದಿರುತ್ತದೆ, ಅಲ್ಲೇ ಬೀಮ್ ಅಡ್ಡ ಬರೋದು ಜಾಸ್ತಿ. ಕೇಬಲ್ ಟ್ರೇನ ಬೇಕಾದ ಕಡೆ ತಿರುಗಿಸಬಹುದು, ಡ್ರೈನೇಜ್ ಪೈಪನ್ನು ಮೇಲಕ್ಕೆತ್ತೋಕೆ ಆಗಲ್ಲ ಅಲ್ವಾ? ಬೀಮ್ ದಾಟಲೇಬೇಕಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಿಗೆ ಪಡೆದು ಕಾಂಕ್ರೀಟ್‌ಗೆ ಮೊದಲೇ ಸ್ಲೀವ್ (ಪೈಪ್ ತೂರಿಸಲು ಇಡುವ ಕೊಳವೆ) ಇಡಿಸಿ. ಆಮೇಲೆ ಕೊರೆಯುವುದು ಬೇಡವೇ ಬೇಡ. ಡಕ್ಟ್ ಇನ್ಸುಲೇಷನ್‌ನ ದಪ್ಪ, ವಾಲ್ವ್ ತಿರುಗಿಸಲು ಕೈ ಹೋಗುವಷ್ಟು ಜಾಗ, ಇವನ್ನೂ ಮಾಡೆಲ್‌ಗೆ ಸೇರಿಸಿ.