ಆಫ್ ಅಂದರೆ ಬಂದ್ ಅಂತಷ್ಟೇ ಅಲ್ಲ: ಹೊಸದಾಗಿ ಬಂದವರಿಗೆ

ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದು ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಫೋನ್ ನಂಬರ್ ಬಗ್ಗೆ. ಅದಕ್ಕೆಲ್ಲ ಪಟ್ಟಿ ಸಿಗುತ್ತದೆ. ಬಂದ ವಾರವೇ ಮುಗಿಸಿಬಿಡಿ, ಪ್ರತಿ ಕಾಗದಕ್ಕೂ ಎರಡು ನಕಲು ಇಟ್ಟುಕೊಳ್ಳಿ. ನಾನು ಹೇಳಬೇಕು ಅಂತಿರುವುದು ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಸಣ್ಣ ಪದದ ಬಗ್ಗೆ. ಆಫ್. ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರ. ನಮಗೆ ಚಿಕ್ಕಂದಿನಿಂದ ಗೊತ್ತಿರುವ ಪದ. ಗೊತ್ತಿದೆ ಅಂದುಕೊಂಡಿದ್ದೇ ನನಗೆ ಮುಳುವಾಯಿತು.

ಕನ್ನಡದಲ್ಲಿ ನಾವು ದಿನಕ್ಕೆ ಹತ್ತು ಸಲ ಆಫ್ ಅನ್ನುತ್ತೇವೆ. ಲೈಟ್ ಆಫ್ ಮಾಡು. ಅವನ ಫೋನ್ ಸ್ವಿಚ್ ಆಫ್ ಬರ್ತಿದೆ. ಯಾಕೋ ಮೂಡ್ ಆಫ್ ಆಗಿದೆ. ಎಲ್ಲ ಕಡೆಯೂ ಅರ್ಥ ಒಂದೇ: ನಿಂತುಹೋಯಿತು, ಬಂದ್ ಆಯಿತು. ಈ ಒಂದೇ ಅರ್ಥವನ್ನು ಹಿಡಿದುಕೊಂಡು ನಾನು ಇಂಗ್ಲಿಷ್ ಮಾತಾಡುವವರ ನಡುವೆ ಬದುಕಲು ಬಂದೆ.

ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಕಂಪ್ಯೂಟರ್‌ಗಳನ್ನು ಇಟ್ಟಿದ್ದ ಕೋಣೆಯ ಮೇಲೆ ಕಣ್ಣಿಡುವುದು ಆ ರಾತ್ರಿ ನನ್ನ ಸರದಿ. ಕೋಣೆ ಬಿಸಿಯಾದರೆ ಅಲಾರಂ ಹೊಡೆಯುತ್ತದೆ, ಯಾರ ಸರದಿಯೋ ಅವರು ಹೋಗಿ ನೋಡಬೇಕು. ಹನ್ನೊಂದು ಗಂಟೆಗೆ ಕಾವಲಿನವರಿಂದ ಮೆಸೇಜ್ ಬಂತು: 'ದಿ ಅಲಾರಂ ಹ್ಯಾಸ್ ಗಾನ್ ಆಫ್.' ನಾನು ಎರಡು ಸಲ ಓದಿದೆ. ಅಲಾರಂ ಹೊಡೆದುಕೊಳ್ಳುತ್ತಿತ್ತು, ಈಗ ನಿಂತಿದೆ ಅಂತ ಅರ್ಥ ಮಾಡಿಕೊಂಡೆ. 'ಗುಡ್, ಥ್ಯಾಂಕ್ಸ್' ಅಂತ ಉತ್ತರ ಬರೆದು ಮಲಗಿದೆ.

ಬೆಳಿಗ್ಗೆ ಹೋದರೆ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಎರಡು ದೊಡ್ಡ ಫ್ಯಾನ್ ತಿರುಗುತ್ತಿದ್ದವು. ಸಹೋದ್ಯೋಗಿಯೊಬ್ಬರು ನೆಲದ ಮೇಲೆ ಕೂತಿದ್ದರು, ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ಅವರ ಸರದಿ ಅಲ್ಲವೇ ಅಲ್ಲ. ನಾನು ಬರಲಿಲ್ಲ ಅಂತ ಗೊತ್ತಾಗಿ ಮಧ್ಯರಾತ್ರಿ ಬಂದು, ಬೆಳಗಿನವರೆಗೂ ಒಬ್ಬರೇ ದುಡಿದಿದ್ದರು. ಅವರು ಬೈಯಲಿಲ್ಲ. 'ಮೆಸೇಜ್ ನೋಡಲಿಲ್ವಾ?' ಅಂತ ಕೇಳಿದರು, ಅಷ್ಟೇ. ನೋಡಿದ್ದೆ. ಓದಿದ್ದೆ. ಉತ್ತರವನ್ನೂ ಕೊಟ್ಟಿದ್ದೆ. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ಅಲಾರಂ 'ಗೋಸ್ ಆಫ್' ಅಂದರೆ ಅದು ಹೊಡೆದುಕೊಂಡಿತು ಅಂತ. ದಯವಿಟ್ಟು ಇದೊಂದನ್ನು ಇವತ್ತೇ ತಲೆಗೆ ಹಾಕಿಕೊಳ್ಳಿ. ಲೈಟ್ 'ಗೋಸ್ ಆಫ್' ಅಂದರೆ ಆರಿತು ಅಂತಲೇ. ಬಾಂಬ್ ಆದರೆ ಸಿಡಿಯಿತು, ಬಂದೂಕು ಆದರೆ ಗುಂಡು ಹಾರಿತು. ಬ್ರಿಟನ್ನಿನವರು, ಆಸ್ಟ್ರೇಲಿಯಾದವರು ಹಾಲಿನ ಬಗ್ಗೆ ಹೀಗಂದರೆ ಹಾಲು ಕೆಟ್ಟಿತು. ಒಬ್ಬ ಮನುಷ್ಯ ಆದರೆ ಎಲ್ಲಿಗೋ ಹೊರಟುಹೋದ. ಸಮಾರಂಭ 'ವೆಂಟ್ ಆಫ್ ವೆಲ್' ಅಂದರೆ ಚೆನ್ನಾಗಿ ನಡೆಯಿತು. ಕ್ರಿಯಾಪದ ಒಂದೇ, ಆಫ್ ಕೂಡ ಅದೇ. ಯಾವುದರ ಬಗ್ಗೆ ಮಾತು ಅನ್ನುವುದರ ಮೇಲೆ ಅರ್ಥ ಪೂರ್ತಿ ತಿರುಗುತ್ತದೆ.

ಅಲಾರಂನಿಂದ ನನ್ನ ಕೆಲಸಕ್ಕೆ ಕೆಟ್ಟ ಹೆಸರು ಬಂತು. ಎರಡನೆಯ ತಪ್ಪು ಮಾತ್ರ ಇನ್ನೊಬ್ಬರ ಮನಸ್ಸಿಗೆ ತಾಗಿತು. ಪಕ್ಕದ ಮನೆಯಾಕೆ ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕರು. ಒಗೆದ ಬಟ್ಟೆಯ ಬುಟ್ಟಿ ಸೊಂಟದ ಮೇಲಿತ್ತು. ಗಂಡ ಹೇಗಿದ್ದಾರೆ ಅಂತ ಕೇಳಿದೆ. ಹೋದ ವಾರ ಅವರನ್ನು 'ಲೇಡ್ ಆಫ್' ಮಾಡಿದರು ಅಂದರು. ನನಗೆ 'ಡೇ ಆಫ್' ಅಂದರೆ ರಜೆ ಅಂತ ಗೊತ್ತಿತ್ತು. ಇದೂ ಹಾಗೇ ಒಂದು ರಜೆ ಅಂದುಕೊಂಡೆ. 'ಓ, ತುಂಬ ಒಳ್ಳೇದಾಯ್ತು, ಆರಾಮಾಗಿ ಇರಲಿ' ಅಂತ ನಗುನಗುತ್ತಾ ಹೇಳಿದೆ. ಆಕೆ ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. 'ಹೂಂ, ಇರಬಹುದು' ಅಂತ ಹೇಳಿ ಒಳಗೆ ಹೋದರು.

ಆ ಬಾಗಿಲು ಮುಚ್ಚಿಕೊಂಡ ಸದ್ದು ರಾತ್ರಿಯೆಲ್ಲ ಕಿವಿಯಲ್ಲಿತ್ತು. ಏನೋ ಸರಿಯಿಲ್ಲ ಅನಿಸಿ ನಿಘಂಟು ತೆಗೆದೆ. ಕೆಲಸದಿಂದ ತೆಗೆದುಹಾಕುವುದು. ಮೈ ಬೆವರಿತು. ಬೆಳಿಗ್ಗೆ ಹೋಗಿ ಬಾಗಿಲು ತಟ್ಟಿ, ಆ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲ, ರಜೆ ಅಂದುಕೊಂಡೆ, ಕ್ಷಮಿಸಿ ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಒಳಗೆ ಕರೆದು ಕೂರಿಸಿದರು. ಇಲ್ಲಿ ನನಗೆ ಆದ ಮೊದಲ ಗೆಳತಿ ಅವರೇ. ನಾನು ಹೋಗಿ ಹೇಳದೇ ಇದ್ದಿದ್ದರೆ? ಅವರ ಕಣ್ಣಿಗೆ ನಾನು ಪರರ ಕಷ್ಟಕ್ಕೆ ನಗುವವಳಾಗಿಯೇ ಉಳಿಯುತ್ತಿದ್ದೆ, ಅದು ನನಗೆ ತಿಳಿಯುತ್ತಲೂ ಇರಲಿಲ್ಲ. ಅದಕ್ಕೇ ಹೇಳುವುದು, ಯಾರದಾದರೂ ಮುಖ ಥಟ್ಟನೆ ಬದಲಾದರೆ ಅಲ್ಲೇ ಕೇಳಿಬಿಡಿ. 'ನೀವು ಹೇಳಿದ್ದು ನನಗೆ ಅರ್ಥ ಆಗಲಿಲ್ಲ' ಅನ್ನುವುದರಲ್ಲಿ ಅವಮಾನ ಏನೂ ಇಲ್ಲ.

ಆಫೀಸಿನಲ್ಲಿ ಇನ್ನೆರಡು ಮಾತು ಜಾಸ್ತಿ ಕೇಳಿಬರುತ್ತವೆ. 'ಹೋಲ್ಡ್ ಆಫ್' ಅಂದರೆ ಸದ್ಯಕ್ಕೆ ಮಾಡಬೇಡಿ, ತಡೆಯಿರಿ. ನಾನು ಹೋಲ್ಡ್ ಅಂದರೆ ಹಿಡಿದಿಡು, ಆಫ್ ಅಂದರೆ ಅದನ್ನು ನಿಲ್ಲಿಸು, ಹಾಗಾದರೆ ಹಿಡಿದಿಟ್ಟಿದ್ದನ್ನು ಕಳಿಸಿಬಿಡು ಅಂತ ಲೆಕ್ಕ ಹಾಕಿ, ಕಳಿಸಬಾರದ ಪತ್ರವನ್ನು ಕಳಿಸಿದ್ದೆ. ಪದಗಳನ್ನು ಹೀಗೆ ಕೂಡಿಸಿ ಕಳೆದು ಅರ್ಥ ಹುಡುಕಬೇಡಿ. ಇನ್ನೊಂದು 'ಸೈನ್ ಆಫ್'. ನಿಮ್ಮ ಕೆಲಸವನ್ನು ಮೇಲಿನವರು ಸೈನ್ ಆಫ್ ಮಾಡಿದರೆ ಒಪ್ಪಿಗೆ ಕೊಟ್ಟರು ಅಂತ. ಆದರೆ ಬ್ರಿಟನ್ನಿನಲ್ಲಿ ಡಾಕ್ಟರು ನಿಮ್ಮನ್ನು ಸೈನ್ ಆಫ್ ಮಾಡಿದರೆ, ಕಾಯಿಲೆಯ ಕಾರಣಕ್ಕೆ ಕೆಲಸಕ್ಕೆ ಹೋಗಬೇಡಿ ಅಂತ ಬರೆದುಕೊಟ್ಟ ಹಾಗೆ. ಡಾಕ್ಟರ ಹತ್ತಿರ ಇನ್ನೂ ಹುಷಾರಾಗಿರಿ. ಮಾತ್ರೆ 'ಕಮ್ ಆಫ್' ಅಂದರೆ ಆ ಮಾತ್ರೆ ಬಿಡುವುದು. ಮದ್ದು 'ವೇರ್ಸ್ ಆಫ್' ಅಂದರೆ ಅದರ ಪ್ರಭಾವ ಇಳಿಯುವುದು. ಕಾಲು ನೋಯುವಾಗ 'ಸ್ಟೇ ಆಫ್ ಇಟ್' ಅಂದರೆ ಆ ಕಾಲಿನ ಮೇಲೆ ಭಾರ ಹಾಕಬೇಡಿ ಅಂತ.

ರಜೆಯ ವಿಷಯದಲ್ಲಿ ಪದಗಳ ಹಿಂದುಮುಂದು ನೋಡಿಕೊಳ್ಳಿ. 'ಡೇ ಆಫ್' ರಜೆ. 'ಆಫ್ ಡೇ' ಅಂದರೆ ಯಾವ ಕೆಲಸವೂ ಕೈಗೆ ಹತ್ತದ ಕೆಟ್ಟ ದಿನ. ನಮ್ಮಲ್ಲಿ ರಜೆಯ ದಿನಕ್ಕೇ ಆಫ್ ಡೇ ಅನ್ನುವ ರೂಢಿ ಇದೆ. ಮಾತಿನ ಭರದಲ್ಲಿ ಹಾಫ್ ಡೇ ಕೂಡ ಆಫ್ ಡೇ ಆಗಿಬಿಡುತ್ತದೆ, ಅಲ್ವಾ? ಹಾಫ್ ಅನ್ನುವಾಗ ಹಕಾರವನ್ನು ಒತ್ತಿ ಹೇಳಿ. 'ಬ್ಯಾಂಕ್ ಆಫ್' ಅನ್ನುವಲ್ಲಿ ಬರುವ ಪದ ಮೂರನೆಯದು. ಅದನ್ನು ಅವರು 'ಅವ್' ಅಂತ ಹೇಳುತ್ತಾರೆ. ನಾವು ಕನ್ನಡದಲ್ಲಿ ಎರಡನ್ನೂ ಆಫ್ ಅಂತಲೇ ಬರೆಯುವುದರಿಂದ ಕಿವಿಗೆ ವ್ಯತ್ಯಾಸವೇ ಸಿಗುವುದಿಲ್ಲ.

ಇದರಲ್ಲಿ ನಮ್ಮ ತಪ್ಪು ಪೂರ್ತಿ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಎರಡೂ ಒಂದೇ ಪದ. ಒತ್ತಿ ಹೇಳಿದಾಗ ಆಫ್, ಹಗುರವಾಗಿ ಹೇಳಿದಾಗ ಅವ್. ಬರವಣಿಗೆಯಲ್ಲಿ ಎರಡೂ ಪೂರ್ತಿ ಬೇರೆಯಾಗಿದ್ದು 1600ರ ನಂತರ. ಮೂಲ ಅರ್ಥ 'ಅಲ್ಲಿಂದ ದೂರ', 'ಅದರಿಂದ ಬೇರೆಯಾಗಿ' ಅಂತ. ಇದು ತಿಳಿದ ಮೇಲೆ ನನಗೆ ಎಷ್ಟೋ ಗಂಟು ಸಡಿಲವಾಯಿತು. ಕೆಲಸದಿಂದ ದೂರ ಇರುವ ದಿನ ಡೇ ಆಫ್. ಬೆಲೆಯಿಂದ ಕಳೆದಿದ್ದು ಹತ್ತು ಪರ್ಸೆಂಟ್ ಆಫ್. ನೆಲದಿಂದ ದೂರ ಎದ್ದರೆ ಟೇಕ್ ಆಫ್. ಕ್ರಿಕೆಟ್ಟಿನ ಆಫ್ ಸೈಡ್ ಕೂಡ ಇಲ್ಲಿಂದಲೇ ಬಂದಿದ್ದು. ಕುದುರೆಯ ಎಡಗಡೆ ನಿಂತು ಹತ್ತುವ ರೂಢಿ, ಹಾಗಾಗಿ ಬಲಗಡೆ ದೂರದ ಬದಿ, ಆಫ್ ಸೈಡ್. ಬ್ರಿಟನ್ನಿನಲ್ಲಿ ಕಾರು ರಿಪೇರಿಯವರು ಇವತ್ತಿಗೂ ಬಲಗಡೆಯ ಚಕ್ರಕ್ಕೆ ಆಫ್‌ಸೈಡ್ ಅಂತಲೇ ಬರೆಯುತ್ತಾರೆ.

ಇಂಥ ಪುಟ್ಟ ಪದಗಳೇ ಯಾವ ಭಾಷೆಯಲ್ಲೂ ಜಾಸ್ತಿ ಭಾರ ಹೊರುವುದು. ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ 'ಸೆಟ್' ಅನ್ನುವ ಕ್ರಿಯಾಪದಕ್ಕೆ 430ಕ್ಕೂ ಹೆಚ್ಚು ಅರ್ಥ ಕೊಟ್ಟಿದ್ದರು, ಅದನ್ನು ವಿವರಿಸಲು ಸುಮಾರು 60,000 ಪದ ಬೇಕಾಯಿತು. ಉದ್ದುದ್ದ ಪದಗಳಿಗೆ ಹೆದರಬೇಡಿ. ಅವಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥ ಇರುತ್ತದೆ, ನಿಘಂಟು ನೋಡಿದರೆ ಮುಗಿಯಿತು.

ಆಫ್ ನನಗೆ ನಿಜವಾಗಿ ಕೈಗೆ ಸಿಕ್ಕಿದ್ದು ಮಾತ್ರ ನಿಘಂಟಿನಿಂದ ಅಲ್ಲ, 'ಬಿಡು' ಅನ್ನುವ ನಮ್ಮ ಪದದಿಂದ. ಯೋಚಿಸಿ ನೋಡಿ. ಮನೆ ಬಿಟ್ಟ ಅಂದರೆ ಹೊರಟ. ಬಾಣ ಬಿಟ್ಟ ಅಂದರೆ ಹೊಡೆದ. ಗಿಡ ಹೂ ಬಿಟ್ಟಿತು ಅಂದರೆ ಅರಳಿಸಿತು. ಶಾಲೆ ಬಿಟ್ಟಿತು, ಮಳೆ ಬಿಟ್ಟಿತು, ಮಾತು ಬಿಟ್ಟರು. ರೈಲು ಬಿಟ್ಟ ಅಂದರೆ ಸುಳ್ಳು ಹೇಳಿದ. 'ಇರ್ಲಿ ಬಿಡು' ಅಂದರೆ ಸಮಾಧಾನ. ಇನ್ನೊಂದು ಕ್ರಿಯಾಪದದ ಬೆನ್ನಿಗೆ ಹತ್ತಿದರೆ ಕೆಲಸ ಪೂರ್ತಿ ಆಯಿತು ಅಂತ: ಮುಗಿಸಿಬಿಡು, ಹೊರಟುಬಿಡು. ಇಂಗ್ಲಿಷಿನ 'ಫಿನಿಶ್ ಆಫ್', 'ಸೆಟ್ ಆಫ್' ಬಹುಮಟ್ಟಿಗೆ ಇವೇ. ಅಲಾರಂ ಮಾತನ್ನೂ ನಾನು ಬಾಣ ಬಿಟ್ಟ ಹಾಗೆ ಅಂತಲೇ ನೆನಪಿಟ್ಟುಕೊಂಡಿದ್ದೇನೆ. ಬಿಡು ಅನ್ನುವ ಪದದ ಅರ್ಥಗಳನ್ನು ನಮಗೆ ಯಾರೂ ಕೂರಿಸಿ ಕಲಿಸಲಿಲ್ಲ. ಮಾತಿನ ನಡುವೆ ಬೆಳೆದೆವು, ಬಂತು. ಆಫ್ ಕೂಡ ಹಾಗೇ ಬರಬೇಕು. ಬಾಯಿಪಾಠ ಮಾಡಬೇಡಿ. ಕೇಳಿದ ಇಡೀ ವಾಕ್ಯವನ್ನು, ಯಾರು ಯಾವಾಗ ಹೇಳಿದರು ಅನ್ನುವುದರ ಜೊತೆಗೆ ಬರೆದಿಟ್ಟುಕೊಳ್ಳಿ. ನಾನು ಹಾಗೆ ಒಂದು ನೋಟ್‌ಬುಕ್ ತುಂಬಿಸಿದ್ದೇನೆ.

ಮಕ್ಕಳಿಗೆ ಆ ನೋಟ್‌ಬುಕ್ ಬೇಕಾಗುವುದಿಲ್ಲ. ನನ್ನ ಮಗಳು ನಾಲ್ಕು ವರ್ಷಕ್ಕೇ 'ಡೋಂಟ್ ಟೆಲ್ ಮಿ ಆಫ್' ಅಂದಳು, ಬೈಬೇಡ ಅಂತ. ನನಗೆ ಹತ್ತು ವರ್ಷ ಹಿಡಿದಿದ್ದು ಅವಳಿಗೆ ಸುಮ್ನೆ ಗಾಳಿಯಲ್ಲಿ ಬಂತು. ಹೆಮ್ಮೆ ಆಯಿತು. ಅದೇ ವರ್ಷ ಕಿಟಕಿಯ ಹತ್ತಿರದ ಕುಂಡದಲ್ಲಿ ಮೊದಲ ಸಲ ಹೂ ಕಂಡಿತು. 'ನೋಡು ಪುಟ್ಟಿ, ಗಿಡ ಹೂ ಬಿಟ್ಟಿದೆ' ಅಂದೆ. ಅವಳು ಹತ್ತಿರ ಬಂದು ಎಲೆ ಸರಿಸಿ, ಕುಂಡದ ಹಿಂದೆ ಬಗ್ಗಿ ನೋಡಿ ಕೇಳಿದಳು: 'ಎಲ್ಲಿ ಬಿಟ್ಟಿದೆ?'

ಹೂ ಅವಳ ಮೂಗಿನ ಮುಂದೆಯೇ ಇತ್ತು. ಗಿಡ ಅದನ್ನು ಎಲ್ಲೋ ಬಿಟ್ಟುಬಂದಿದೆ ಅಂತ ಅವಳು ಹುಡುಕುತ್ತಿದ್ದಳು. ಅಲಾರಂ ಮೆಸೇಜನ್ನು ನಾನು ಓದಿದ್ದೂ ಹೀಗೇ. ಅವತ್ತು ನನಗೆ ಅಳು ಬಂತು. ಕನ್ನಡ ಅವಳಿಗೆ ಬರುತ್ತದೆ ಅಂತ ನಾನು ನಂಬಿದ್ದೆ. ಬರುತ್ತಿದ್ದದ್ದು ಒಂದು ಪದಕ್ಕೆ ಒಂದೇ ಅರ್ಥದ ಕನ್ನಡ. ಬಾ, ಹೋಗು, ತಿನ್ನು, ಮಲಗು. ಆಜ್ಞೆ ಕೊಡುವುದಕ್ಕೆ ಮಾತ್ರ ನಾನು ಅವಳ ಜೊತೆ ಕನ್ನಡ ಬಳಸುತ್ತಿದ್ದೆ. ಕತೆ, ಜಗಳ, ಹರಟೆ ಎಲ್ಲ ಇಂಗ್ಲಿಷಿಗೆ ಜಾರಿಹೋಗಿತ್ತು.

ಮಕ್ಕಳಿರುವವರಿಗೆ ನಾನು ಕೈಮುಗಿದು ಹೇಳುವುದು ಇದು. ಅಕ್ಷರ ಕಲಿಸುವುದು ತಡವಾದರೂ ಪರವಾಗಿಲ್ಲ. ಮಕ್ಕಳ ಮುಂದೆ ದೊಡ್ಡವರು ದೊಡ್ಡವರ ಕನ್ನಡದಲ್ಲೇ ಮಾತಾಡಿ, ವಾದ ಮಾಡಿ, ಸುದ್ದಿ ಹೇಳಿ. ಅವರಿಗಾಗಿ ಅಂತ ಭಾಷೆಯನ್ನು ಸಣ್ಣದು ಮಾಡಬೇಡಿ. ನಾವೂ ಮನೆಯಲ್ಲಿ ಹಾಗೆ ಶುರು ಮಾಡಿದೆವು. ಮೊದಲು ಅವಳು ರೇಗುತ್ತಿದ್ದಳು, ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ಎರಡು ವರ್ಷ ಹಾಗೇ ಹೋಯಿತು. ಬಿಡು ಅನ್ನುವುದನ್ನು ಅವಳಿಗೆ ನಾನು ಒಂದು ದಿನವೂ ವಿವರಿಸಲಿಲ್ಲ.

ಹೋದ ತಿಂಗಳು ಬೆಳಗಿನಿಂದ ಒಂದೇ ಸಮನೆ ಮಳೆ. ನಾನು ಒಳಗೆ ಏನೋ ಓದುತ್ತಾ ಕೂತಿದ್ದೆ. ಅವಳು ಕಿಟಕಿಗೆ ಹಣೆ ಒತ್ತಿ ನಿಂತಿದ್ದಳು. ಗಾಜಿನ ಮೇಲೆ ಉಸಿರಿನ ಮಂಜು. ಅದನ್ನು ಅಂಗೈಯಿಂದ ಒರೆಸಿ, ನನ್ನ ಕಡೆ ತಿರುಗದೆಯೇ ಹೇಳಿದಳು: 'ಅಮ್ಮಾ, ಮಳೆ ಬಿಡ್ತು.' ಬಾಗಿಲ ಹತ್ತಿರ ಹೋಗಿ ಶೂ ಹಾಕಿಕೊಳ್ಳಲು ಶುರು ಮಾಡಿದಳು.